ಕ್ರೋಶಾ ಗೊಂಬೆ ಕೈಕೊಟ್ಟಾಗ: ಬಿಚ್ಚುವ ಮುನ್ನ ನೋಡಬೇಕಾದ್ದು

ಉಲ್ಲನ್‌ನಲ್ಲಿ ಹೆಣೆದು ಒಳಗೆ ಹತ್ತಿ ತುಂಬಿ ಮಾಡುವ ಪುಟ್ಟ ಗೊಂಬೆಗಳಿಗೆ ಜಪಾನಿನವರು ಅಮಿಗುರುಮಿ ಎನ್ನುತ್ತಾರೆ. ಮೊಲವಿರಲಿ, ಆನೆಯಿರಲಿ, ಬಹುಪಾಲು ಗೊಂಬೆಗಳಲ್ಲಿ ಇರುವುದು ಒಂದೇ ಸ್ಟಿಚ್: ಸಿಂಗಲ್ ಕ್ರೋಶಾ, ಅಂದರೆ ತುದಿಯಲ್ಲಿ ಕೊಕ್ಕೆಯಿರುವ ಕಡ್ಡಿಯನ್ನು ತೂರಿಸಿ ದಾರ ಎಳೆದುಕೊಂಡು, ಕಡ್ಡಿಯ ಮೇಲಿನ ಎರಡು ಕುಣಿಕೆಗಳೊಳಗಿಂದ ಮತ್ತೆ ದಾರ ತರುವುದು. ಅದನ್ನೇ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತುತ್ತಾ ಹೋಗುವುದು. ಹಿಗ್ಗಬೇಕಾದಲ್ಲಿ ಒಂದರೊಳಗೆ ಎರಡು ಹಾಕುವುದು, ಕುಗ್ಗಬೇಕಾದಲ್ಲಿ ಎರಡನ್ನು ಸೇರಿಸಿ ಒಂದು ಮಾಡುವುದು. ಕೆಲಸ ಇಷ್ಟು ಸರಳವಾದ್ದರಿಂದ ತಪ್ಪಾಗುವ ಜಾಗಗಳೂ ಕೆಲವೇ. ಆದರೆ ಹೊಸಬರು ಆಕಾರ ಕೆಟ್ಟಿತೆಂದ ಕೂಡಲೇ ಎಲ್ಲವನ್ನೂ ಬಿಚ್ಚಿಬಿಡುತ್ತಾರೆ. ಬಿಚ್ಚಿದರೆ ತಪ್ಪಿನ ಗುರುತೂ ಅದರೊಂದಿಗೆ ಹೋಗುತ್ತದೆ, ಮುಂದಿನ ಸಲ ಅದೇ ತಪ್ಪು ಅದೇ ಜಾಗದಲ್ಲಿ ಆಗುತ್ತದೆ. ಮೊದಲು ಎಣಿಸಿ, ಆಮೇಲೆ ಕಡ್ಡಿ ನೋಡಿ, ಆಮೇಲೆ ದಾರ ನೋಡಿ. ಬಿಚ್ಚುವುದು ಕೊನೆಗೆ.

ಇಲ್ಲಿ ಲೆಕ್ಕಕ್ಕೆ ಒಂದು ಸಾದಾ ಚೆಂಡನ್ನು ಇಟ್ಟುಕೊಂಡಿದೆ. ಗೊಂಬೆಯ ತಲೆ ಎಂದುಕೊಳ್ಳಿ. ಮೊದಲ ಸುತ್ತಿನಲ್ಲಿ 6 ಸ್ಟಿಚ್, ಆಮೇಲೆ ಕ್ರಮವಾಗಿ 12, 18, 24, 30, 36. ಏಳನೇ ಸುತ್ತಿನಿಂದ ಹನ್ನೆರಡನೆಯದರವರೆಗೆ 36 ಹಾಗೇ ಇರುತ್ತದೆ. ಮತ್ತೆ 30, 24, 18, 12, 6. ಮಧ್ಯಮ ದಪ್ಪದ ಅಕ್ರಿಲಿಕ್ ದಾರ ಮತ್ತು 2.5 ಅಥವಾ 3 ಮಿ.ಮೀ. ಕಡ್ಡಿಯಲ್ಲಿ ಇದು ಸುಮಾರು 6 ಸೆಂ.ಮೀ. ಅಗಲದ ಚೆಂಡಾಗುತ್ತದೆ.

ವೃತ್ತ ಅಲೆ ಅಲೆಯಾಗುತ್ತಿದೆ, ಇಲ್ಲವೇ ಬೇಗನೆ ಬಟ್ಟಲಾಗುತ್ತಿದೆ

ಅಂಚು ಹಪ್ಪಳ ಕರಿದಾಗ ಸೊಟ್ಟಗಾಗುವಂತೆ ಅಲೆ ಎದ್ದರೆ ಸ್ಟಿಚ್ ಹೆಚ್ಚಾಗಿದೆ. ಎರಡನೇ ಮೂರನೇ ಸುತ್ತಿಗೇ ಬಟ್ಟಲಿನಂತೆ ಮೇಲೆದ್ದರೆ ಕಡಿಮೆಯಾಗಿದೆ. ನಾಲ್ಕೈದನೇ ಸುತ್ತಿನ ಹೊತ್ತಿಗೆ ಸ್ವಲ್ಪ ಬಾಗುವುದು ಮಾತ್ರ ತಪ್ಪಲ್ಲ. ಬಿಗಿಯಾಗಿ ಹೆಣೆದರೆ ಹಾಗೇ ಆಗುತ್ತದೆ, ಚೆಂಡಿಗೆ ಅದು ಬೇಕಾದದ್ದೇ.

ಅಂಚನ್ನು ಮೇಲಿನಿಂದ ನೋಡಿ. ಇಂಗ್ಲಿಷಿನ ವಿ ಅಕ್ಷರವನ್ನು ಮಲಗಿಸಿದಂತೆ ಕಾಣುವ ಒಂದೊಂದೂ ಒಂದೊಂದು ಸ್ಟಿಚ್. ಕಡ್ಡಿಯ ಮೇಲಿರುವ ಕುಣಿಕೆ ಲೆಕ್ಕಕ್ಕಿಲ್ಲ, ಅದನ್ನು ಸೇರಿಸಿ ಎಣಿಸಿದವರಿಗೆ ಯಾವಾಗಲೂ ಒಂದು ಹೆಚ್ಚು ಬರುತ್ತದೆ. ಸುತ್ತಿಗೆ ಕೊನೆಯಿಲ್ಲದ್ದರಿಂದ ಕಣ್ಣಂದಾಜಿನಲ್ಲಿ ಎಲ್ಲಿ ಶುರುವಾಯಿತು ಎಂದು ಹೇಳಲಾಗುವುದಿಲ್ಲ. ಪ್ರತಿ ಸುತ್ತಿನ ಮೊದಲ ಸ್ಟಿಚ್‌ಗೆ ಒಂದು ಪಿನ್ನನ್ನೋ ಬೇರೆ ಬಣ್ಣದ ದಾರದ ತುಂಡನ್ನೋ ಸಿಕ್ಕಿಸಿ, ಮುಂದಿನ ಸುತ್ತಿಗೆ ಬಂದಾಗ ಅದನ್ನು ಮೇಲಕ್ಕೆ ಏರಿಸಿ. ಅದಕ್ಕೆ ದುಡ್ಡೂ ಬೇಡ, ಸಮಯವೂ ಬೇಡ. ಎಣಿಕೆಯ ದೋಷಗಳಲ್ಲಿ ಬಹುಪಾಲು ಈ ಪಿನ್ನು ಇಲ್ಲದ್ದರಿಂದಲೇ ಬರುತ್ತವೆ.

ಎಣಿಕೆ ತಪ್ಪಿದ್ದರೆ ಎಷ್ಟು ತಪ್ಪಿದೆ ಎಂಬುದೇ ಕಾರಣವನ್ನೂ ಹೇಳುತ್ತದೆ. ಪ್ರತಿ ಸುತ್ತಿನಲ್ಲೂ ಒಂದೊಂದು ಕಡಿಮೆಯಾಗುತ್ತಿದ್ದರೆ ಸುತ್ತಿನ ಮೊದಲ ಸ್ಟಿಚ್ ಬಿಟ್ಟುಹೋಗುತ್ತಿದೆ. ಅದು ಪಕ್ಕದ ಸ್ಟಿಚ್‌ನ ಅಡಿಗೆ ಅಡಗಿರುತ್ತದೆ. ಒಂದೊಂದು ಹೆಚ್ಚುತ್ತಿದ್ದರೆ ಸುತ್ತು ಮುಚ್ಚಲು ಹಾಕಿದ ಚೈನ್ (ಬರೀ ಕುಣಿಕೆಯ ಸರಪಳಿ) ಅಥವಾ ಎತ್ತರವಿಲ್ಲದ ಜೋಡಣೆಯ ಸ್ಲಿಪ್ ಸ್ಟಿಚ್‌ನೊಳಗೂ ಹೆಣೆಯುತ್ತಿದ್ದೀರಿ. ಬಸವನಹುಳು ಸುತ್ತಿನಲ್ಲಿ ಆ ಚೈನ್ ಬೇಕೇ ಇಲ್ಲ. ಒಮ್ಮೆಲೇ ಆರು ಹೆಚ್ಚಾಗಿದ್ದರೆ ಹಿಗ್ಗಿಸುವ ಸುತ್ತನ್ನು ಎರಡು ಸಲ ಮಾಡಿದ್ದೀರಿ.

ಸರಿಪಡಿಸುವ ಕ್ರಮ ಹೀಗೆ. 36ರ ಸಾದಾ ಸುತ್ತುಗಳಲ್ಲಿ ಒಂದೆರಡು ಸ್ಟಿಚ್ ವ್ಯತ್ಯಾಸವಿದ್ದರೆ ಮುಂದಿನ ಸುತ್ತಿನಲ್ಲಿ, ಗೊಂಬೆಯ ಬೆನ್ನಿನ ಕಡೆ ಬರುವ ಜಾಗದಲ್ಲಿ, ಒಂದು ಹೆಚ್ಚಿಸಿ ಅಥವಾ ಕಡಿಮೆ ಮಾಡಿ, ಯಾರಿಗೂ ಕಾಣುವುದಿಲ್ಲ. ಮೊದಲ ಆರು ಸುತ್ತುಗಳಲ್ಲಿ ತಪ್ಪಿದ್ದರೆ ತೇಪೆ ಹಾಕಬೇಡಿ. ಒಂದು ಸುತ್ತಿನ ತಪ್ಪು ಮುಂದಿನದಕ್ಕೆ ಏರುತ್ತಾ ಹೋಗುತ್ತದೆ. ಲೆಕ್ಕ ಸರಿಯಿದ್ದ ಕೊನೆಯ ಸುತ್ತಿನವರೆಗೆ ಮಾತ್ರ ಬಿಚ್ಚಿ.

ಎಣಿಕೆ ಸರಿಯಿದೆ, ಆದರೆ ವೃತ್ತಕ್ಕೆ ಆರು ಮೂಲೆ ಬಂದಿದೆಯೇ? ಪ್ರತಿ ಸುತ್ತಿನ ಹೆಚ್ಚಳ ಒಂದರ ಮೇಲೊಂದು ಕೂತಿದೆ. ಒಂದು ಸುತ್ತು ಬಿಟ್ಟು ಒಂದರಲ್ಲಿ ಜಾಗ ಸರಿಸಬೇಕು. 24ರ ಸುತ್ತನ್ನು ಎರಡು ಸಾದಾ, ಒಂದು ಹೆಚ್ಚಳ ಎಂದು ಆರು ಸಲ ಮಾಡುವ ಬದಲು ಹೀಗೆ ಮಾಡಿ: ಒಂದು ಸಾದಾ, ಒಂದು ಹೆಚ್ಚಳ, ಆಮೇಲೆ ಎರಡು ಸಾದಾ, ಒಂದು ಹೆಚ್ಚಳ, ಇದು ಐದು ಸಲ, ಕೊನೆಗೆ ಒಂದು ಸಾದಾ. ಆಗಲೂ 24 ಬರುತ್ತದೆ, ಮೂಲೆಗಳು ಮಾತ್ರ ಕರಗುತ್ತವೆ.

ನಡುಮಧ್ಯೆ ತೂತು ಬಿಟ್ಟುಕೊಂಡಿದೆ

ಮೊದಲ ಸುತ್ತನ್ನು ದಾರದ ಉಂಗುರವೊಂದರೊಳಗೆ ಹಾಕಿ, ದಾರದ ತುದಿ ಎಳೆದು ಉಂಗುರ ಮುಚ್ಚುವುದಕ್ಕೆ ಮ್ಯಾಜಿಕ್ ರಿಂಗ್ ಎನ್ನುತ್ತಾರೆ. ಅದರ ಬಾಲವನ್ನು, ಅಂದರೆ ಆ ತುದಿಯನ್ನು, ಎಳೆದು ನೋಡಿ. ಮುಚ್ಚಿಕೊಂಡರೆ ತೊಂದರೆ ಹೆಣಿಗೆಯಲ್ಲಿಲ್ಲ, ಬಾಲ ಕಟ್ಟಿಲ್ಲ ಅಷ್ಟೇ. ಅದನ್ನು ದಪ್ಪ ಸೂಜಿಗೆ ಪೋಣಿಸಿ ಒಳಗಡೆಯಿಂದ ಉಂಗುರದ ಸುತ್ತ ಒಂದು ಪೂರ್ತಿ ಸುತ್ತು ತೂರಿಸಿ, ಮತ್ತೆ ಎದುರು ದಿಕ್ಕಿಗೆ ಒಂದು ಸುತ್ತು ತಂದು ಗಂಟು ಹಾಕಿ. ಬಾಲ 10ರಿಂದ 15 ಸೆಂ.ಮೀ. ಇರಲಿ. ತುಂಡಾಗಿ ಕತ್ತರಿಸಿದ್ದರೆ ತುಂಬಿದ ಹತ್ತಿ ಒತ್ತುತ್ತಾ ಒಂದು ದಿನ ಅಲ್ಲೇ ಬಾಯಿ ಬಿಡುತ್ತದೆ.

ಎಳೆದರೂ ಜರುಗದಿದ್ದರೆ ಮೊದಲ ಆರು ಸ್ಟಿಚ್ ಹಾಕುವಾಗ ಬಾಲದ ಎಳೆಯನ್ನು ಬಿಟ್ಟು ಉಂಗುರವನ್ನು ಮಾತ್ರ ಹಿಡಿದಿದ್ದೀರಿ, ಅಥವಾ ದಾರವೇ ಸೀಳಿ ಸಿಕ್ಕಿಕೊಂಡಿದೆ. ಒಂದೇ ಸುತ್ತಿನ ಕೆಲಸ, ಹೊಸದಾಗಿ ಶುರು ಮಾಡುವುದೇ ಸುಲಭ. ಮ್ಯಾಜಿಕ್ ರಿಂಗ್ ಎಷ್ಟು ಸಲ ಮಾಡಿದರೂ ಕೈಗೆ ಒಗ್ಗದಿದ್ದರೆ ಎರಡು ಚೈನ್ ಹಾಕಿ ಕಡ್ಡಿಯಿಂದ ಎರಡನೇ ಚೈನ್‌ನೊಳಗೆ ಆರು ಸಿಂಗಲ್ ಕ್ರೋಶಾ ಹಾಕಿ. ತೀರಾ ಸಣ್ಣ ತೂತು ಉಳಿಯಬಹುದು, ಬಾಲದಿಂದ ಹೊಲಿದುಬಿಡಿ.

ಸ್ಟಿಚ್‌ಗಳ ಸಂದಿಯಲ್ಲಿ ಹತ್ತಿ ಇಣುಕುತ್ತಿದೆ

ತಲೆಯನ್ನು ದೀಪದ ಕಡೆ ಹಿಡಿದು ಎಲ್ಲಿ ಬೆಳಕು ತೂರುತ್ತದೆ ನೋಡಿ. ಎಲ್ಲೆಡೆ ಒಂದೇ ಸಮನಾಗಿ ಬಂದರೆ ಕಡ್ಡಿ ದಪ್ಪವಾಯಿತು. ದಾರದ ಲೇಬಲ್ ಮೇಲೆ ಬರೆದಿರುವ ಅಳತೆ ಸ್ವೆಟರು ಶಾಲುಗಳಿಗೆ ಬೇಕಾದದ್ದು. ಗೊಂಬೆಗೆ ಅದಕ್ಕಿಂತ ಒಂದು ಮಿ.ಮೀ. ಕಡಿಮೆಯ ಕಡ್ಡಿ ಹಿಡಿಯಬೇಕು. ಅಂಗಡಿಯಲ್ಲಿ ನಂಬರ್ ಹೇಳಿ ಕೊಳ್ಳಬೇಡಿ, ಮಿ.ಮೀ. ಕೇಳಿ. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ತೆಳು: 12 ನಂಬರ್ ಎಂದರೆ 2.5 ಮಿ.ಮೀ., 8 ನಂಬರ್ ಎಂದರೆ 4 ಮಿ.ಮೀ. ಎಂಟಕ್ಕಿಂತ ಹನ್ನೆರಡು ದಪ್ಪವೆಂದುಕೊಂಡು ತಪ್ಪಾಗಿ ತಂದುಕೊಳ್ಳುವವರು ಬಹಳ.

ಸಾಲು ಸಾಲಾಗಿ ಅಡ್ಡಗೆರೆ ಎದ್ದು ಗೆರೆಯುದ್ದಕ್ಕೂ ಸಂದಿ ಬಿಟ್ಟಿದ್ದರೆ ಕಡ್ಡಿಯ ತಪ್ಪಲ್ಲ. ವಿ ಆಕಾರದ ಎರಡೂ ಎಳೆಗಳ ಅಡಿಯಿಂದ ತೂರಿಸಬೇಕಾದ ಕಡ್ಡಿ ಒಂದೇ ಎಳೆಯಲ್ಲಿ ತೂರುತ್ತಿದೆ. ಸೀರೆಗೆ ಕ್ರೋಶಾ ಕುಚ್ಚು ಹಾಕಿ ಪಳಗಿದ ಕೈಗಳಿಗೆ ಇನ್ನೊಂದು ತೊಂದರೆ. ಅಲ್ಲಿ ತೆಳ್ಳನೆಯ ಸ್ಟೀಲ್ ಕಡ್ಡಿ, ನುಣುಪಾದ ರೇಷ್ಮೆ ದಾರ, ಜಾಲರಿಯಂತೆ ಬಿಡಿಬಿಡಿಯಾದ ಕೆಲಸ. ಆ ಕಡ್ಡಿಯನ್ನು ಇಲ್ಲಿ ಹಿಡಿದರೆ ಉಲ್ಲನ್ ಎಳೆಎಳೆಯಾಗಿ ಸೀಳುತ್ತದೆ, ಆ ಸಡಿಲವನ್ನು ಇಲ್ಲಿ ತಂದರೆ ಹತ್ತಿ ಹೊರಬರುತ್ತದೆ. ಕೈಚಳಕ ಇದ್ದೇ ಇರುತ್ತದೆ. ದಾರವನ್ನು ಕಿರುಬೆರಳಿಗೆ ಇನ್ನೊಂದು ಸುತ್ತು ಸುತ್ತಿ ಹಿಡಿದರೆ ಸಾಕಷ್ಟು ಬಿಗಿ ಬರುತ್ತದೆ.

ಸ್ಟಿಚ್‌ಗಳು ಉದ್ದುದ್ದವಾಗಿ, ಚೆಂಡು ಮೊಟ್ಟೆಯಂತಾಗಿದ್ದರೆ ಪ್ಯಾಟರ್ನ್ (ಬರೆದಿಟ್ಟ ಹೆಣಿಗೆಯ ಸೂಚನೆ) ಯಾವ ದೇಶದ್ದು ನೋಡಿ. ಅಮೆರಿಕದವರ ಸಿಂಗಲ್ ಕ್ರೋಶಾವನ್ನೇ ಬ್ರಿಟನ್ನಿನವರು ಡಬಲ್ ಕ್ರೋಶಾ ಎನ್ನುತ್ತಾರೆ. ಪರೀಕ್ಷೆ ಸುಲಭ: ಕಡ್ಡಿ ತೂರಿಸಿ ದಾರ ಎಳೆದುಕೊಂಡಾಗ ಕಡ್ಡಿಯ ಮೇಲೆ ಎರಡೇ ಕುಣಿಕೆ ಇರಬೇಕು. ಮೂರಿದ್ದರೆ ಬೇರೆ ಸ್ಟಿಚ್ ಹಾಕುತ್ತಿದ್ದೀರಿ.

ಇನ್ನೂ ಸೂಕ್ಷ್ಮವಾದ ಕಾರಣ ದಾರ ಹಿಡಿಯುವ ರೀತಿಯಲ್ಲಿದೆ. ಎರಡು ತಲೆ ಒಂದೇ ಪ್ಯಾಟರ್ನ್‌ನದ್ದಾದರೂ ಒಂದು ದೊಡ್ಡದು, ಒಂದು ಚಿಕ್ಕದಾದಾಗ ಇದನ್ನೇ ನೋಡಬೇಕು. ಕಡ್ಡಿ ತೂರಿಸಿದ ಮೇಲೆ ದಾರವನ್ನು ಕಡ್ಡಿಯ ಮೇಲಿನಿಂದ ತಂದು ಎಳೆದರೆ ಸ್ಟಿಚ್‌ನ ಮೈ ವಿ ಆಕಾರದಲ್ಲಿ ಕಾಣುತ್ತದೆ. ಕಡ್ಡಿಯನ್ನು ದಾರದ ಮೇಲೆ ಒಯ್ದು ಕೊಕ್ಕೆಯಲ್ಲಿ ದಾರ ಸಿಕ್ಕಿಸಿ ಎಳೆದರೆ ಎಕ್ಸ್ ಆಕಾರ ಬರುತ್ತದೆ. ಎಕ್ಸ್ ಸ್ಟಿಚ್ ತುಸು ಚಿಕ್ಕದು, ಬಿಗಿ, ಸುತ್ತುಗಳು ಬಲಕ್ಕೆ ವಾಲುವುದೂ ಕಡಿಮೆ. ಗೊಂಬೆಗೆ ಅದೇ ಮೇಲು. ಆದರೆ ಒಂದೇ ಗೊಂಬೆಯಲ್ಲಿ ಎರಡನ್ನೂ ಬೆರೆಸಬೇಡಿ.

ಕಡು ಬಣ್ಣದ ಗೊಂಬೆಯಲ್ಲಿ ಹೆಣಿಗೆ ಬಿಗಿಯಾಗಿದ್ದರೂ ಬಿಳಿ ಹತ್ತಿ ಹೊಳೆಯುತ್ತದೆ. ಅದೇ ಬಣ್ಣದ ಹಳೆ ಕಾಲುಚೀಲದ ತುಂಡನ್ನು ಒಳಗೆ ಚೀಲದಂತೆ ಇಟ್ಟು ಅದರಲ್ಲಿ ತುಂಬಿ.

ಕಡ್ಡಿ ಒಳಗೆ ತೂರುವುದೇ ಇಲ್ಲ

ಬಿಗಿಯಾಗಿ ಹೆಣೆಯಿರಿ ಎಂದದ್ದನ್ನು ಪಾಲಿಸಿದವರ ದೋಷ ಇದು. ಕಡ್ಡಿಯ ತುದಿಯಲ್ಲಿ ಕೊಕ್ಕೆಯ ಹಿಂದೆ ಕುತ್ತಿಗೆಯಂತೆ ಸಣ್ಣದಾದ ಭಾಗವಿದೆ. ಕುಣಿಕೆಯನ್ನು ಅಲ್ಲಿ ಬಿಗಿದರೆ ಅದು ಕಡ್ಡಿಯ ಅಳತೆಗಿಂತ ಚಿಕ್ಕದಾಗುತ್ತದೆ. ಕುಣಿಕೆ ಕಡ್ಡಿಯ ಪೂರ್ತಿ ದಪ್ಪದ ಭಾಗದ ಮೇಲೆ ಕೂತ ಮೇಲೆ ಬಿಗಿ ಮಾಡಿ. ಇಷ್ಟರಿಂದ ಹೋಗದಿದ್ದರೆ ಈಗಿನದಕ್ಕಿಂತ ಅರ್ಧ ಮಿ.ಮೀ. ಹೆಚ್ಚು ದಪ್ಪದ ಕಡ್ಡಿ ಹಿಡಿಯಿರಿ. ವೆಲ್ವೆಟ್ ದಾರದಲ್ಲಿ ಮೊದಲ ಗೊಂಬೆ ಮಾಡಲು ಹೊರಟಿದ್ದರೆ ಅದನ್ನು ಎತ್ತಿಟ್ಟುಬಿಡಿ. ಆ ದಾರದಲ್ಲಿ ಸ್ಟಿಚ್ ಕಣ್ಣಿಗೆ ಕಾಣುವುದಿಲ್ಲ, ಬೆರಳಿನಿಂದ ತಡವಿ ಹುಡುಕಬೇಕು. ತಿಳಿ ಬಣ್ಣದ, ಹುರಿ ಗಟ್ಟಿಯಾಗಿರುವ, ನಯವಾದ ದಾರ ಹೊಸಬರಿಗೆ ಸರಿ.

ಗೊಂಬೆಯ ಮೈ ಒಳಮುಖ ಹೊರಮುಖ ಆಗಿದೆ

ಹೊರಗಡೆ ಬರೀ ವಿ ಅಥವಾ ಎಕ್ಸ್ ಸಾಲು ಕಾಣಬೇಕು. ಪ್ರತಿ ಸ್ಟಿಚ್‌ನ ಮೇಲೂ ಅಡ್ಡಗಡ್ಡಿಯಂತೆ ಒಂದು ಎಳೆ ಕಂಡರೆ ನೀವು ನೋಡುತ್ತಿರುವುದು ಒಳಮೈ. ಬಟ್ಟಲು ಬಾಗಲು ಶುರುವಾದಾಗಲೇ ಪರೀಕ್ಷಿಸಿ: ಕಡ್ಡಿ ಬಟ್ಟಲಿನ ಹೊರಗಿನಿಂದ ಒಳಕ್ಕೆ ಹೋಗುತ್ತಿರಬೇಕು. ತುಂಬುವ ಮುನ್ನ ಗೊತ್ತಾದರೆ ಮಗುಚಿ ಮುಂದುವರಿಸಿ, ಏನೂ ಹಾಳಾಗಿಲ್ಲ.

ಕುಗ್ಗಿಸುವಲ್ಲಿ ಗಂಟು, ಪಕ್ಕದಲ್ಲಿ ತೂತು

ಎರಡು ಸ್ಟಿಚ್‌ಗಳನ್ನು ಪೂರ್ತಿ ಎಳೆದು ಸೇರಿಸಿದರೆ ಅಲ್ಲೊಂದು ಉಬ್ಬು ಉಳಿಯುತ್ತದೆ. ಅದರ ಬದಲು ಮೊದಲ ಸ್ಟಿಚ್‌ನ ಮುಂದಿನ ಎಳೆಯಲ್ಲಿ ಮಾತ್ರ ಕಡ್ಡಿ ತೂರಿಸಿ. ದಾರ ಎಳೆಯದೆ ಹಾಗೇ ಎರಡನೇ ಸ್ಟಿಚ್‌ನ ಮುಂದಿನ ಎಳೆಯಲ್ಲೂ ತೂರಿಸಿ. ಈಗ ದಾರ ಹಿಡಿದು ಆ ಎರಡು ಎಳೆಗಳೊಳಗಿಂದ ಒಟ್ಟಿಗೆ ತನ್ನಿ. ಕಡ್ಡಿಯ ಮೇಲೆ ಎರಡು ಕುಣಿಕೆ ಉಳಿಯುತ್ತವೆ, ಮಾಮೂಲಿಯಂತೆ ಮುಗಿಸಿ. ಹಿಂದಿನ ಎಳೆಗಳು ಒಳಗೆ ಮಡಚಿಕೊಂಡು ಮರೆಯಾಗುತ್ತವೆ. 36ರಿಂದ 30ಕ್ಕೆ ಇಳಿಯಲು ನಾಲ್ಕು ಸಾದಾ, ಒಂದು ಕುಗ್ಗಿಸುವಿಕೆ; ಹೀಗೆ ಆರು ಸಲ.

ಇಷ್ಟಾದರೂ ತೂತು ಉಳಿದರೆ ತುಂಬಿದ್ದು ತಡವಾಗಿದೆ ಎಂದರ್ಥ. ಬಾಯಿ ಚಿಕ್ಕದಾದ ಮೇಲೆ ಬಲವಂತವಾಗಿ ತುರುಕಿದಾಗ ಅಂಚಿನ ಸ್ಟಿಚ್‌ಗಳು ಹಿಗ್ಗುತ್ತವೆ. 18 ಸ್ಟಿಚ್ ಉಳಿದಾಗ ನಿಲ್ಲಿಸಿ ಮುಕ್ಕಾಲು ತುಂಬಿ, 12 ಉಳಿದಾಗ ಉಳಿದದ್ದನ್ನು ತುಂಬಿ.

ಮೈ ಉಂಡೆ ಉಂಡೆಯಾಗಿದೆ, ಅಥವಾ ಒತ್ತಿದರೆ ಕುಸಿಯುತ್ತದೆ

ಪಾಲಿಯೆಸ್ಟರ್ ಫೈಬರನ್ನು ಬೆರಳಲ್ಲಿ ಬಿಡಿಸಿ ಮೋಡದಂತೆ ಮಾಡಿಕೊಂಡು ಸಣ್ಣ ಸಣ್ಣದಾಗಿ, ಮೊದಲು ಗೋಡೆಗಳಿಗೆ ಒತ್ತಿ, ಕೊನೆಗೆ ನಡುವೆ ತುಂಬಬೇಕು. ಹಳೆ ದಿಂಬಿನ ಹತ್ತಿ ಆಗಲೇ ಗಂಟುಗಟ್ಟಿರುತ್ತದೆ, ಧೂಳೂ ಇರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಹತ್ತಿ ತುಂಬಿದ ಗೊಂಬೆ ಒಮ್ಮೆ ಒದ್ದೆಯಾದರೆ ಒಳಗೆ ಒಣಗುವುದೇ ಇಲ್ಲ. ಅಲ್ಲಿಯವರು ಪಾಲಿಯೆಸ್ಟರನ್ನೇ ಬಳಸುವುದು ಒಳ್ಳೆಯದು.

ಗೊಂಬೆ ನೆಟ್ಟಗೆ ಕೂರಲೆಂದು ಅಡಿಯಲ್ಲಿ ಭಾರ ಹಾಕುವುದುಂಟು. ಮಕ್ಕಳಿಗೆ ರಾಗಿ ದಿಂಬು, ಸಾಸಿವೆ ದಿಂಬು ಮಾಡುವ ಮನೆಗಳಲ್ಲಿ ಅದನ್ನೇ ಇಲ್ಲೂ ಹಾಕಲು ಮನಸ್ಸಾಗುತ್ತದೆ. ಹಾಕಬೇಡಿ. ಕಾಳು ಸಂದಿಯಿಂದ ಉದುರುತ್ತದೆ, ಹುಳು ಹಿಡಿಯುತ್ತದೆ, ತೊಳೆದರೆ ಮೊಳೆಯುತ್ತದೆ. ತಳವನ್ನು ಚಪ್ಪಟೆಯಾಗಿ ಹೆಣೆದರೆ ಭಾರವೇ ಬೇಡ.

ತಲೆ ನಿಲ್ಲುವುದಿಲ್ಲ, ಒಂದು ಕಡೆಗೆ ವಾಲುತ್ತದೆ

ಕುತ್ತಿಗೆಯನ್ನು ಹಿಚುಕಿ ನೋಡಿ. ಮೆತ್ತಗಿದ್ದರೆ ಅಲ್ಲಿ ಹತ್ತಿ ಸಾಲದು; ಹೊಲಿಗೆಯ ಕೊನೆಯ ಸಂದಿಯಿಂದ ಪೆನ್ಸಿಲ್ಲಿನ ಮೊಂಡು ತುದಿಯಲ್ಲಿ ಇನ್ನಷ್ಟು ತುರುಕಿ. ಗಟ್ಟಿಯಿದ್ದೂ ವಾಲಿದರೆ ಕುತ್ತಿಗೆ ಸಣ್ಣದು. 36 ಸ್ಟಿಚ್‌ನ ತಲೆಗೆ 12 ಸ್ಟಿಚ್‌ನ ಕುತ್ತಿಗೆ ಹೊರುವುದಿಲ್ಲ, 18 ಇರಲಿ. ಹೊಲಿಯುವ ಮುನ್ನ ಹಿಂದೆ, ಮುಂದೆ, ಎರಡು ಪಕ್ಕ ಹೀಗೆ ನಾಲ್ಕು ಕಡೆ ಪಿನ್ನು ಚುಚ್ಚಿ ಮೇಜಿನ ಮೇಲೆ ನಿಲ್ಲಿಸಿ, ಎದುರಿನಿಂದಲೂ ಪಕ್ಕದಿಂದಲೂ ನೋಡಿ. ಆಮೇಲೆ ಮೈಯ ಒಂದು ಸ್ಟಿಚ್, ತಲೆಯ ಒಂದು ಸ್ಟಿಚ್ ಹಿಡಿದು ಸುತ್ತ ಹೊಲಿಯಿರಿ, ಎರಡನೇ ಸಲವೂ ಸುತ್ತಿ ಬನ್ನಿ.

ಕುತ್ತಿಗೆಗೆ ತಂತಿ, ಊದುಬತ್ತಿ ಕಡ್ಡಿ, ಪೊರಕೆ ಕಡ್ಡಿ ಇಡಬೇಡಿ. ಮಗು ಕಚ್ಚಿದಾಗ, ಬಗ್ಗಿಸಿದಾಗ ಅದು ಬಟ್ಟೆ ತೂರಿ ಕಣ್ಣಿಗೋ ಬಾಯಿಗೋ ಚುಚ್ಚುತ್ತದೆ. ಗಟ್ಟಿ ಬೇಕಿದ್ದರೆ ಫೆಲ್ಟ್ ಬಟ್ಟೆಯನ್ನು ಬಿಗಿಯಾಗಿ ಸುರುಳಿ ಸುತ್ತಿ ಒಳಗಿಡಿ.

ಕಣ್ಣು ಅಲುಗಾಡುತ್ತಿದೆ

ಪ್ಲಾಸ್ಟಿಕ್ ಸೇಫ್ಟಿ ಕಣ್ಣಿನ ಹಿಂದೆ ವಾಷರ್ ಪೂರ್ತಿ ಕೂರುವವರೆಗೆ ಒತ್ತಬೇಕು, ಕ್ಲಿಕ್ ಸದ್ದು ಒಮ್ಮೆ ಕೇಳಿದರೆ ಸಾಲದು. ಒಮ್ಮೆ ಕೂತರೆ ತೆಗೆಯಲಾಗುವುದಿಲ್ಲ, ಆದ್ದರಿಂದ ಜಾಗ ಮೊದಲೇ ಪಿನ್ನಿನಿಂದ ಗುರುತಿಸಿ. ನಮ್ಮ ಚೆಂಡಿನಲ್ಲಿ 10 ಮತ್ತು 11ನೇ ಸುತ್ತಿನ ನಡುವೆ, 7 ಸ್ಟಿಚ್ ಅಂತರದಲ್ಲಿ ಚೆನ್ನಾಗಿ ಕಾಣುತ್ತದೆ. ವಾಷರ್ ಗಟ್ಟಿಯಿದ್ದೂ ಕಣ್ಣು ವಾಲಿದರೆ ಹೆಣಿಗೆ ಸಡಿಲ: ವಾಷರಿಗೂ ಹೆಣಿಗೆಗೂ ನಡುವೆ ಫೆಲ್ಟ್‌ನ ಸಣ್ಣ ತುಂಡು ಇಡಬೇಕಿತ್ತು. ಗೊಂಬೆ ಮುಚ್ಚಿದ ಮೇಲೆ ಇದು ಗೊತ್ತಾದರೆ ಗೋಂದು ಹಚ್ಚಿ ಸುಮ್ಮನಾಗಬೇಡಿ. ಕಣ್ಣು ಕತ್ತರಿಸಿ ತೆಗೆದು ಆ ಜಾಗದಲ್ಲಿ ದಾರದಿಂದ ಕಸೂತಿ ಮಾಡಿ.

ಮೂರು ವರ್ಷದೊಳಗಿನ ಮಕ್ಕಳ ಗೊಂಬೆಗೆ ಪ್ಲಾಸ್ಟಿಕ್ ಕಣ್ಣು, ಗುಂಡಿ, ಮಣಿ ಯಾವುದೂ ಬೇಡ, ಅವುಗಳ ಹೆಸರಿನಲ್ಲಿ ಸೇಫ್ಟಿ ಎಂದಿದ್ದರೂ. 31.7 ಮಿ.ಮೀ. ವ್ಯಾಸದ ಕೊಳವೆಯೊಳಗೆ ಪೂರ್ತಿ ಹಿಡಿಯುವ ಬಿಡಿಭಾಗ ಆ ವಯಸ್ಸಿನವರಿಗೆ ಉಸಿರುಗಟ್ಟಿಸುವ ಅಪಾಯವುಳ್ಳದ್ದು ಎಂಬುದು ಆಟಿಕೆ ಪರೀಕ್ಷೆಯ ಅಳತೆ. ಒಂದು ವರ್ಷದೊಳಗಿನ ಕೂಸಿನ ಹಾಸಿಗೆಯಲ್ಲಿ ಮಲಗುವಾಗ ಯಾವ ಗೊಂಬೆಯನ್ನೂ ಬಿಡಬೇಡಿ.

ತೊಳೆದ ಮೇಲೆ ಬಣ್ಣ ಹರಡಿತು, ಆಕಾರ ಹೋಯಿತು

ಕೆಂಪು, ಮರೂನ್, ಕಡುನೀಲಿ ಹತ್ತಿ ದಾರವನ್ನು ಹೆಣೆಯುವ ಮೊದಲೇ ಪರೀಕ್ಷಿಸಿ: ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಒತ್ತಿಡಿ. ಬಣ್ಣ ಬಿಟ್ಟರೆ ಮಗುವಿನ ಜೊಲ್ಲಿಗೂ ಬಿಡುತ್ತದೆ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆಗೆ ಕಟ್ಟುಬೀಳದೆ ಆ ದಾರವನ್ನು ಬೇರೆ ಕೆಲಸಕ್ಕೆ ಇಡಿ. ತೊಳೆಯುವುದು ತಣ್ಣೀರಲ್ಲಿ, ಕೈಯಲ್ಲಿ. ಹಿಂಡದೆ ಟವೆಲಿನಲ್ಲಿ ಒತ್ತಿ, ಫ್ಯಾನಿನ ಕೆಳಗೆ ಒಣಗಿಸಿ. ಅಕ್ರಿಲಿಕ್ ಗೊಂಬೆಗೆ ಇಸ್ತ್ರಿ ತಗುಲಿಸಬೇಡಿ, ಕರಗುತ್ತದೆ. ಒಣಗಿದ ಮೇಲೂ ಮುಗ್ಗಲು ವಾಸನೆ ಬಂದರೆ ಒಳಗೆ ಬೂಷ್ಟು ಹಿಡಿದಿದೆ. ಬಿಚ್ಚಿ, ತುಂಬಿದ್ದನ್ನೆಲ್ಲ ಎಸೆದು ಹೊಸದು ತುಂಬಿ.

ಕೈ ನೋಯುತ್ತಿದೆ, ಬೆರಳು ಜೋಮು ಹಿಡಿಯುತ್ತದೆ

ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು ಬಿಚ್ಚಿ ಮುಚ್ಚಿ ಮಾಡಿ. ಹಿಡಿಗೆ ರಬ್ಬರಿನ ದಪ್ಪ ಹಿಡಿಕೆ ಇರುವ ಕಡ್ಡಿ ಕೊಳ್ಳಿ, ಇಲ್ಲವೇ ಇರುವುದಕ್ಕೇ ಬಟ್ಟೆ ಸುತ್ತಿ. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಜೋಮು ಬಂದು ರಾತ್ರಿ ಎಚ್ಚರವಾಗುವಂತಿದ್ದರೆ ಮಣಿಕಟ್ಟಿನ ನರ ಒತ್ತಡಕ್ಕೆ ಸಿಕ್ಕಿರಬಹುದು. ಹೆಣಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಎಲ್ಲ ನೋಡಿದರೂ ಗೊತ್ತಾಗುತ್ತಿಲ್ಲ

ಒಂದೇ ಸುತ್ತನ್ನು ಮೂರು ಸಲ ಬಿಚ್ಚಿ ಹೆಣೆದರೂ ಲೆಕ್ಕ ಸೇರದಿದ್ದರೆ ಆ ದಿನಕ್ಕೆ ನಿಲ್ಲಿಸಿ. ಪದೇ ಪದೇ ಬಿಚ್ಚಿದ ದಾರ ನವಿರೆದ್ದು ಇನ್ನಷ್ಟು ಸೀಳುತ್ತದೆ. ಬಲ್ಲವರ ಬಳಿ ಹೋದಾಗ ಮಾಡಿ ಮುಗಿಸಿದ ತುಂಡನ್ನು ತೋರಿಸಿದರೆ ಸಾಲದು, ಅವರೆದುರು ಹತ್ತು ಸ್ಟಿಚ್ ಹೆಣೆಯಿರಿ. ಕಡ್ಡಿ ಎಲ್ಲಿ ತೂರುತ್ತದೆ, ದಾರ ಯಾವ ಕಡೆಯಿಂದ ಬರುತ್ತದೆ ಎಂಬುದು ಕೈ ಆಡುವಾಗಲೇ ಕಾಣುವುದು.

ಮಾರುವ ಯೋಚನೆ ಇದ್ದರೆ ಇನ್ನೊಂದು ವಿಷಯ. 2021ರ ಜನವರಿ 1ರಿಂದ ದೇಶದಲ್ಲಿ 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ವಸ್ತುಗಳಿಗೆ ವಿನಾಯಿತಿ ಇದೆ. ಮೊದಲ ಆರ್ಡರ್ ಹಿಡಿಯುವ ಮುನ್ನ ಅಲ್ಲಿ ವಿಚಾರಿಸಿ.

ಮಾರುವುದಿರಲಿ, ಮನೆಯ ಮಗುವಿಗೇ ಇರಲಿ, ಕೊಡುವ ದಿನ ಪಿನ್ನುಗಳನ್ನೂ ಸೂಜಿಗಳನ್ನೂ ಎಣಿಸಿ, ಗೊಂಬೆಯ ಮೈಮೇಲೆಲ್ಲ ಒಂದು ಅಯಸ್ಕಾಂತ ಆಡಿಸಿ. ಕಿವಿ, ಕೈ, ಕಾಲು, ಬಾಲ ಒಂದೊಂದನ್ನೂ ಮುಷ್ಟಿಯಲ್ಲಿ ಹಿಡಿದು ಮಗು ಎಳೆಯುವಂತೆ ಜೋರಾಗಿ ಎಳೆದು, ತಿರುಚಿ ನೋಡಿ. ಹೊಲಿಗೆ ಒಂದು ಎಳೆ ಜರುಗಿದರೂ ಮತ್ತೆ ಸೂಜಿ ಪೋಣಿಸಿ.